ಹೊಡೆಯದೆ ಓಡುವ ಗಾಡಿ

ಇಪ್ಪತ್ತು ವರ್ಷಗಳಿಂದ ನಾನು ಕಡಿವಾಣ ಹಾಕುತ್ತಲೇ ಇದ್ದೇನೆ. ಬೆಲೆ ಏರಿಕೆಗೆ ಹಾಕಿದ್ದೇನೆ, ಮರಳು ದಂಧೆಗೆ ಹಾಕಿದ್ದೇನೆ, ಡೆಂಗಿ ಜ್ವರಕ್ಕೂ ಹಾಕಿದ್ದೇನೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಶೀರ್ಷಿಕೆ ಕೊಡುವವರಿಗೆ ಈ ಪದವಿಲ್ಲದೆ ರಾತ್ರಿ ಪಾಳಿ ಮುಗಿಯುವುದಿಲ್ಲ. ಅದು ಸಾಲದಿದ್ದರೆ ಲಗಾಮು ಇದೆ, ಅಧಿಕಾರಿಗಳ ಮೇಲೆ ಬೀಸಲು ಚಾಟಿ ಇದೆ. ಇಷ್ಟೆಲ್ಲ ಸರಂಜಾಮು ಇಟ್ಟುಕೊಂಡೂ ನಾನು ಒಮ್ಮೆಯೂ ಕುದುರೆಯ ಹತ್ತಿರ ಸುಳಿದವಳಲ್ಲ.

ಹೋದ ಡಿಸೆಂಬರಿನಲ್ಲಿ ಒಂದು ವಾರ ರಜೆ ಸಿಕ್ಕಿತು. ಮೈಸೂರಿನಲ್ಲೇ ಮನೆ ಇರುವುದರಿಂದ ಎಲ್ಲಿಗೂ ಹೋಗುವ ಮನಸ್ಸಾಗಲಿಲ್ಲ. ಅರಮನೆಯ ಸುತ್ತ ಟಾಂಗಾ ಓಡಿಸುವ ಹಿರಿಯರೊಬ್ಬರನ್ನು ದಿನವೂ ನೋಡುತ್ತಿದ್ದೆ. ಒಂದು ಸಂಜೆ ಧೈರ್ಯ ಮಾಡಿ, ‘ಚಾಚಾ, ನಂಗೆ ಗಾಡಿ ಹೊಡೆಯೋದು ಕಲಿಸ್ತೀರಾ?’ ಎಂದು ಕೇಳಿಯೇಬಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

‘ಮೂರು ದಿನ ಬನ್ನಿ ಅಮ್ಮ. ಮೊದಲ್ನೇ ದಿನ ಗಾಡಿ ಇಲ್ಲ. ಎರಡ್ನೇ ದಿನ ರೋಡಿಲ್ಲ. ಮೂರ್ನೇ ದಿನ ನೋಡೋಣ.’

ಮೊದಲ ದಿನ: ಲಾಯ

ಮಂಡಿ ಮೊಹಲ್ಲಾದ ಆ ಓಣಿ ಹುಡುಕಲು ವಿಳಾಸ ಬೇಕಾಗಲಿಲ್ಲ. ಬೆಳಗಿನ ಆರು ಗಂಟೆಯ ಚಳಿಯಲ್ಲಿ ಬೇಯುತ್ತಿದ್ದ ಹುರುಳಿಯ ವಾಸನೆಯೇ ದಾರಿ ತೋರಿಸಿತು. ತಗಡಿನ ಮಾಡಿನ ಕೆಳಗೆ ಮೂರು ಕುದುರೆಗಳು. ಹೊರಗೆ ಗೋಡೆಗೆ ಒರಗಿಸಿದ ಒಂಟಿ ಚಕ್ರ. ಪಕ್ಕದಲ್ಲಿ ಹಿಂಭಾಗ ನೆಲಕ್ಕೆ ಊರಿ, ಎರಡು ಮೂಕಿಮರಗಳನ್ನು ಆಕಾಶಕ್ಕೆ ಎತ್ತಿ ನಿಂತ ಟಾಂಗಾ. ಕುದುರೆ ಕಟ್ಟದಿದ್ದಾಗ ಅದು ಕೈ ಮೇಲೆತ್ತಿ ಆಕಳಿಸುತ್ತಿರುವವರಂತೆ ಕಾಣುತ್ತದೆ.

ಈ ಊರಿಗೆ ಕುದುರೆ ಗಾಡಿ ಹೊಸದಲ್ಲ. ಅರಮನೆಯವರಿಗೆ ಸಾರೋಟು, ಉಳಿದವರಿಗೆ ಟಾಂಗಾ ಮತ್ತು ಜಟಕಾ. ರೈಲು ಇಳಿದವರು ಟ್ರಂಕು ಹಾಸಿಗೆ ಸಮೇತ ಮನೆ ಸೇರುತ್ತಿದ್ದುದೇ ಇವುಗಳಲ್ಲಿ. ಗಾಡಿ ಚೌಕ ಎಂಬ ಹೆಸರು ಇಂದಿಗೂ ಪೇಟೆಯ ನಡುವೆ ಉಳಿದುಕೊಂಡಿದೆ. ಆಟೋ ಬಂದ ಮೇಲೆ ಟಾಂಗಾ ಸವಾರಿ ತಲುಪಿಸುವ ಕೆಲಸ ಬಿಟ್ಟು ಊರು ತೋರಿಸುವ ಕೆಲಸಕ್ಕೆ ಇಳಿಯಿತು. ದಸರಾ ಬಂದಾಗ ಪಾರಂಪರಿಕ ಸವಾರಿಯೆಂದು ರೇಷ್ಮೆ ಸೀರೆ, ಪೇಟದ ಜೋಡಿಗಳನ್ನು ಕೂರಿಸಿಕೊಂಡು ಹಳೆಯ ಕಟ್ಟಡಗಳ ಮುಂದೆ ಹಾಯುತ್ತದೆ. ಉಳಿದ ದಿನ ಪ್ರವಾಸಿಗರಿಗೆ ಕಾಯುತ್ತ ನಿಲ್ಲುತ್ತದೆ.

ಚಾಚಾ ನನ್ನನ್ನು ಮೋತಿ ಎಂಬ ಕಂದು ಕುದುರೆಯ ಹತ್ತಿರ ಕರೆದೊಯ್ದರು. ನಾನು ಸಲೀಸಾಗಿ ಹಿಂದಿನಿಂದ ಹೋಗುತ್ತಿದ್ದೆ. ತೋಳು ಹಿಡಿದು ನಿಲ್ಲಿಸಿದರು. ಕುದುರೆಯ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದ ಜಾಗ ಎರಡೇ: ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ. ಕಾಣದ ಕಡೆಯಿಂದ ಬಂದದ್ದೆಲ್ಲ ಅದರ ಲೆಕ್ಕದಲ್ಲಿ ಹುಲಿ. ಮೊದಲು ಹೆಸರು ಹಿಡಿದು ಮಾತಾಡಬೇಕು, ಆಮೇಲೆ ಭುಜದ ಪಕ್ಕಕ್ಕೆ ಬರಬೇಕು, ಕೈ ಮೊದಲು ಕುತ್ತಿಗೆಯ ಮೇಲೆ ಬೀಳಬೇಕು.

‘ಇದು ಪುಕ್ಕಲು ಪ್ರಾಣಿ ಅಮ್ಮ. ಜಗಳ ಆಡಲ್ಲ, ಓಡಿಹೋಗ್ತೈತೆ. ಓಡೋವಾಗ ಹಿಂದೆ ಗಾಡಿ ಐತೆ, ಗಾಡೀಲಿ ಮಕ್ಕಳವ್ರೆ ಅಂತ ಅದಕ್ಕೆ ಗೊತ್ತಾಗಲ್ಲ. ಅದು ನಮಗೆ ಗೊತ್ತಿರಬೇಕು.’

ಗೂಟದಿಂದ ಕಡಿವಾಣ ಇಳಿಸಿ ನನ್ನ ಕೈಗೆ ಕೊಟ್ಟರು. ಇಪ್ಪತ್ತು ವರ್ಷ ಬರೆದ ಪದ ಅಂಗೈಯಲ್ಲಿ ಬಂದು ಕೂತಿತು. ನಡುವೆ ಕೀಲಿರುವ, ಬೆರಳಿನಷ್ಟು ದಪ್ಪದ ಕಬ್ಬಿಣದ ಸರಳು. ಎರಡು ತುದಿಗೆ ಬಳೆಯಂಥ ಉಂಗುರ. ಮಂಜುಗಡ್ಡೆಯಂತೆ ತಣ್ಣಗಿತ್ತು. ಹಾಕಲು ಹೋದೆ. ‘ಚಳೀಲಿ ನಿಮ್ಮ ಬಾಯಿಗೆ ಕಬ್ಬಿಣ ಇಟ್ರೆ ಹೆಂಗಿರ್ತದೆ?’ ಎಂದರು. ಎರಡೂ ಅಂಗೈಯಲ್ಲಿ ಅದನ್ನು ಮುಚ್ಚಿಟ್ಟುಕೊಂಡು ಬೆಚ್ಚಗಾಗುವ ತನಕ ನಿಂತೆ. ಮೋತಿ ನನ್ನ ಜಡೆ ಮೂಸುತ್ತ ಕಾಯಿತು.

ಅದನ್ನು ಹಾಕಲು ಬಾಯಿ ಕಿಸಿಯುವುದು ಬೇಕಿಲ್ಲ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಬರಿಯ ವಸಡು ಇರುವ ಜಾಗವಿದೆ. ತುಟಿಯ ಮೂಲೆಯಿಂದ ಹೆಬ್ಬೆರಳನ್ನು ಅಲ್ಲಿಗೆ ಇಳಿಸಿದರೆ ಸಾಕು, ಬಾಯಿ ತಾನಾಗಿ ತೆರೆಯುತ್ತದೆ. ನನ್ನ ಬೆರಳಿಗೆ ಬಿಸಿ, ಒದ್ದೆ, ಹೂವಿನ ಎಸಳಿನಂಥ ಮೆತ್ತನೆ ತಾಗಿತು. ಐನೂರು ಕಿಲೋ ಎಳೆಯುವ ಪ್ರಾಣಿಯನ್ನು ಹಿಡಿದಿಡುವುದು ಈ ಮೆತ್ತನೆಯ ಜಾಗ. ಇಲ್ಲಿ ಜಗ್ಗಿದರೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಉಳಿದ ಬೆಳಗೆಲ್ಲ ಪಟ್ಟಿಗಳ ಪಾಠ. ಬೆನ್ನಿನ ಮೇಲೆ ಜೀನು, ಎದೆಗೆ ಎದೆಪಟ್ಟಿ, ಹೊಟ್ಟೆಯ ಕೆಳಗೆ ಹೊಟ್ಟೆಪಟ್ಟಿ, ಹಿಂದೆ ತೊಡೆಗಳನ್ನು ಬಳಸಿ ಬರುವ ಹಿಂಪಟ್ಟಿ. ಕುದುರೆ ಗಾಡಿ ಎಳೆಯುತ್ತದೆ ಎನ್ನುವುದು ನಮ್ಮ ಮಾತು. ನಿಜಕ್ಕೂ ಅದು ಎದೆಯಿಂದ ಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ, ಗಾಡಿ ಹಿಂಬಾಲಿಸುತ್ತದೆ. ಇಳಿಜಾರಿನಲ್ಲಿ ಗಾಡಿ ಮೈಮೇಲೆ ನುಗ್ಗಿ ಬಂದಾಗ ಹಿಂಪಟ್ಟಿಯ ಮೇಲೆ ಕೂತಂತೆ ಒರಗಿ ತಡೆಯುವುದೂ ಅದೇ. ಟಾಂಗಾಕ್ಕೆ ಬ್ರೇಕೆಂದರೆ ಕುದುರೆಯ ಹಿಂಗಾಲು. ಪ್ರತಿ ಪಟ್ಟಿಯಡಿ ಎರಡು ಬೆರಳು ಆಡಬೇಕು. ಆಡದಿದ್ದರೆ ಬಿಗಿ, ಮುಷ್ಟಿ ಹೋದರೆ ಸಡಿಲ. ಹೊಲಿಗೆ ಬಿಟ್ಟಿದೆಯೇ, ಬಕ್ಕಲಿನ ಮುಳ್ಳು ಸವೆದಿದೆಯೇ ಎಂದು ದಿನವೂ ಉಗುರಿನಿಂದ ಕೆರೆದು ನೋಡಬೇಕು. ಆಮೇಲೆ ಒಂದೊಂದೇ ಕಾಲು ಎತ್ತಿ ಗೊರಸಿನ ಸಂದಿಯ ಕಲ್ಲು ತೆಗೆಯಬೇಕು, ಲಾಳದ ಮೊಳೆ ಸಡಿಲವಾಗಿದೆಯೇ ನೋಡಬೇಕು. ಲಾಳ ಸವೆಯದಿದ್ದರೂ ಗೊರಸು ಉಗುರಿನಂತೆ ಬೆಳೆಯುವುದರಿಂದ ಆರೆಂಟು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕತ್ತರಿಸಿ ಮತ್ತೆ ಕಟ್ಟಿಸಬೇಕು.

ಕಡಿವಾಣದ ಜೊತೆಗೇ ಬರುವುದು ಕಣ್ಣುಪಟ್ಟಿ. ‘ಕಣ್ಣುಪಟ್ಟಿ ಕಟ್ಟಿದ ಕುದುರೆ’ ಎಂದು ಸಂಪಾದಕೀಯಗಳಲ್ಲಿ ಬೈಯುತ್ತೇವಲ್ಲ, ಅದು ಇಲ್ಲದಿದ್ದರೆ ಮೋತಿಗೆ ತನ್ನ ಹಿಂದೆಯೇ ಉರುಳಿ ಬರುವ ಚಕ್ರ ಕಾಣುತ್ತದೆ. ಎಷ್ಟು ಓಡಿದರೂ ಬೆನ್ನು ಬಿಡದ ಚಕ್ರ. ಆದ್ದರಿಂದ ಚಾಚಾ ಬೆರಳು ಎತ್ತಿ ಹೇಳಿದ ಒಂದೇ ಒಂದು ಕಟ್ಟಳೆ ಇದು: ಗಾಡಿ ಕಟ್ಟಿರುವಾಗ ಕುದುರೆಯ ಮುಖದ ಪಟ್ಟಿ ತೆಗೆಯಬಾರದು. ನೀರು ಕುಡಿಸಲಿಕ್ಕೂ ಇಲ್ಲ, ಹುಲ್ಲು ತಿನ್ನಿಸಲಿಕ್ಕೂ ಇಲ್ಲ. ಕಟ್ಟುವಾಗ ಗಾಡಿಗಿಂತ ಮೊದಲು ಕಡಿವಾಣ, ಬಿಚ್ಚುವಾಗ ಎಲ್ಲ ಮುಗಿದ ಮೇಲೆ ಕಡಿವಾಣ.

ಎರಡನೇ ದಿನ: ಬಯಲು

ಬನ್ನಿಮಂಟಪದ ಕಡೆ ಒಂದು ಖಾಲಿ ಬಯಲಿದೆ. ಅಲ್ಲಿಗೆ ಗಾಡಿ ಓಡಿಸಿಕೊಂಡು ಬಂದವರು ಚಾಚಾ. ನಾನು ಪಕ್ಕದಲ್ಲಿ ಬರಿಗೈಯಲ್ಲಿ ಕೂತಿದ್ದೆ. ತಲುಪಿದ ಮೇಲೂ ಲಗಾಮು ಕೊಡಲಿಲ್ಲ. ಹಳೆಯ ಲಗಾಮೊಂದನ್ನು ಸೀಟಿನಡಿಯಿಂದ ತೆಗೆದು, ಎರಡು ತುದಿ ನನ್ನ ಕೈಗಿತ್ತು, ಇನ್ನೆರಡು ತುದಿ ತಾವು ಹಿಡಿದು ನನಗೆ ಬೆನ್ನು ಹಾಕಿ ನಿಂತರು.

‘ಈಗ ನಾನೇ ಕುದುರೆ. ಓಡಿಸಿ.’

ಎಡಕ್ಕೆ ತಿರುಗಿಸಲು ಎಡ ಲಗಾಮು ಜಗ್ಗಿದೆ. ‘ನೋವು’ ಎಂದರು. ಸಡಿಲ ಬಿಟ್ಟೆ. ‘ಯಾರೂ ಇಲ್ಲ’ ಎಂದರು. ಮತ್ತೆ ಹಿಡಿದೆ. ‘ನೋವು.’ ಹತ್ತು ನಿಮಿಷ ಇದೇ ನಡೆಯಿತು. ಬಾವಿಯಿಂದ ನೀರು ಸೇದುವ ಹಗ್ಗ ಹಿಡಿದಂತೆ ಹಿಡಿದಿದ್ದೇನೆ, ಗಾಳಿಪಟದ ದಾರ ಹಿಡಿದಂತೆ ಹಿಡಿಯಬೇಕು ಎಂದರು. ಗಾಳಿಪಟದ ದಾರದಲ್ಲಿ ಆಚೆ ತುದಿಯ ಮಿಡಿತ ಬೆರಳಿಗೆ ಬರುತ್ತದೆ. ಬಿಗಿಯೂ ಅಲ್ಲ, ಜೋಲೂ ಅಲ್ಲ. ತಿರುಗಿಸಲು ಇಡೀ ತೋಳು ಬೇಕಿಲ್ಲ, ಕಿರುಬೆರಳು ಮಡಚಿದರೆ ಸಾಕು. ಕುದುರೆ ಹೇಳಿದಂತೆ ಮಾಡಿದ ಆ ಕ್ಷಣವೇ ಬೆರಳು ಬಿಚ್ಚಬೇಕು. ಅದು ಕಲಿಯುವುದು ಹಿಡಿತದಿಂದಲ್ಲ, ಹಿಡಿತ ಸಡಿಲವಾದುದರಿಂದ.

ಆಮೇಲೆ ಜಾಗ ಬದಲಾಯಿತು. ನಾನು ಕಣ್ಣು ಮುಚ್ಚಿ ಕುದುರೆಯಾದೆ. ಡಿವಿಜಿಯವರು ಕಗ್ಗದಲ್ಲಿ ನಮ್ಮನ್ನೆಲ್ಲ ಜಟಕಾದ ಕುದುರೆಯ ಜಾಗದಲ್ಲಿ ನಿಲ್ಲಿಸಿದ್ದು ಬಾಯಿಪಾಠವಿತ್ತು. ಮೈಗೆ ತಿಳಿದದ್ದು ಆವತ್ತು. ಕಣ್ಣು ಮುಚ್ಚಿದ ಕತ್ತಲೆಯಲ್ಲಿ ಹಿಂದಿರುವವರ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಆ ಎರಡು ಪಟ್ಟಿಯಿಂದ ಮಾತ್ರ. ಚಾಚಾ ಯಾರಿಗೋ ಸಲಾಂ ಹೇಳಲು ಕತ್ತು ತಿರುಗಿಸಿದ್ದು ಕೂಡ ನನ್ನ ಮುಷ್ಟಿಗೆ ತಿಳಿಯಿತು.

ಆ ಬಯಲಿನಲ್ಲಿ ಇನ್ನೊಂದು ಹಳೆಯ ಸಂಗತಿ ಬಗೆಹರಿಯಿತು. ಜಟಕಾ ಹತ್ತಿದವರೆಲ್ಲ ಹೇಳುವ ನೆನಪೊಂದಿದೆ: ಗಾಡಿ ಸಾಬರು ಸುಮ್ಮನಿರುತ್ತಿರಲಿಲ್ಲ, ‘ಮುಂದೆ ಬನ್ನಿ ಸ್ವಾಮಿ, ಹಿಂದೆ ಜರುಗಿ ತಾಯಿ’ ಎನ್ನುತ್ತಲೇ ಇರುತ್ತಿದ್ದರು. ನಮ್ಮಜ್ಜಿ ಅದನ್ನು ಗೊಣಗಾಟವೆಂದೇ ತಿಳಿದಿದ್ದರು. ಎರಡು ಚಕ್ರದ ಗಾಡಿ ಅಚ್ಚಿನ ಮೇಲೆ ನಿಂತ ತಕ್ಕಡಿ. ಜನ ಮುಂದೆ ಕೂತರೆ ಮೂಕಿಮರ ಕುದುರೆಯ ಬೆನ್ನನ್ನು ಅದುಮುತ್ತದೆ. ಎಲ್ಲರೂ ಹಿಂದಕ್ಕೆ ಸರಿದರೆ ಮೂಕಿ ಮೇಲಕ್ಕೆದ್ದು ಹೊಟ್ಟೆಪಟ್ಟಿ ಕೆಳಗಿನಿಂದ ಕುದುರೆಯನ್ನು ಎತ್ತಲು ನೋಡುತ್ತದೆ. ಏರು ಹತ್ತುವಾಗ ಮುಂದೆ, ಇಳಿಯುವಾಗ ಹಿಂದೆ. ಚಾಚಾ ನನ್ನ ಕೈಯಿಂದ ಮೂಕಿಮರವನ್ನು ಎತ್ತಿಸಿದರು. ತೂಕ ಸರಿಯಿದ್ದಾಗ ಅದು ಜೀನಿನ ಕುಣಿಕೆಯಲ್ಲಿ ತೇಲಿದಂತೆ ಹಗುರವಾಗಿ ಆಡುತ್ತದೆ. ಅಜ್ಜಿಯ ಕಾಲದ ಗಾಡಿಯವನು ಗೊಣಗುತ್ತಿರಲಿಲ್ಲ, ಕುದುರೆಯ ಪರವಾಗಿ ತೂಗುತ್ತಿದ್ದ.

ಗಾಡಿ ಕಟ್ಟುವ ಕ್ರಮವನ್ನು ಅಲ್ಲಿ ಐದು ಸಲ ಬಿಚ್ಚಿ ಕಟ್ಟಿ ಕಲಿತೆ. ಗಾಡಿಯನ್ನು ಕುದುರೆಯ ಹತ್ತಿರ ತರಬೇಕೇ ಹೊರತು ಕುದುರೆಯನ್ನು ಹಿಂದಕ್ಕೆ ನೂಕಿ ಗಾಡಿಗೆ ಸೇರಿಸಬಾರದು. ಮೂಕಿಮರ ಕುಣಿಕೆಗೆ, ಎದೆಪಟ್ಟಿಯಿಂದ ಹಿಂದಕ್ಕೆ ಬರುವ ಎಳೆಪಟ್ಟಿ ಗಾಡಿಗೆ, ಹಿಂಪಟ್ಟಿ ಮೂಕಿಗೆ, ಕೊನೆಗೆ ಹೊಟ್ಟೆಪಟ್ಟಿ. ಬಿಚ್ಚುವಾಗ ಉಲ್ಟಾ. ಲಗಾಮು ಕೈಗೆ ಬಂದ ಮೇಲೆ ಗಾಡಿಯವನು ಎಲ್ಲರಿಗಿಂತ ಮೊದಲು ಹತ್ತಬೇಕು, ಎಲ್ಲರಿಗಿಂತ ಕೊನೆಗೆ ಇಳಿಯಬೇಕು. ಮಧ್ಯೆ ಲಗಾಮು ಕೈ ಬಿಡುವಂತಿಲ್ಲ. ಕೊನೆಗೆ ಬಯಲಿನಲ್ಲೇ ಒಂದು ಸುತ್ತಿಗೆ ಮೋತಿಯ ಲಗಾಮು ಕೊಟ್ಟರು. ಸುತ್ತು ಮುಗಿದ ಖುಷಿಗೆ ನಾನು ಲಗಾಮನ್ನು ಮಡಿಲಲ್ಲಿಟ್ಟು ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಚಾಚಾ ಮಾತಾಡಲಿಲ್ಲ. ಲಗಾಮು ತಾವು ತೆಗೆದುಕೊಂಡು, ಆ ದಿನದ ಪಾಠ ಮುಗಿಸಿಬಿಟ್ಟರು.

ಮೂರನೇ ದಿನ: ರಸ್ತೆ

ಕಾರು ಕಲಿಯುವವರಿಗೆ ಎಲ್ ಬೋರ್ಡ್ ಇರುತ್ತದೆ, ಕಂಡವರು ದೂರ ಸರಿಯುತ್ತಾರೆ. ಟಾಂಗಾಕ್ಕೆ ಅದಿಲ್ಲ. ಆರೂವರೆಗೆ ದೊಡ್ಡಕೆರೆ ಮೈದಾನದ ಬಳಿ ಲಗಾಮು ನನ್ನ ಕೈಗೆ ಬಂತು. ಎಡಗಡೆ ಜಯಮಾರ್ತಾಂಡ ದ್ವಾರ, ಅದರಾಚೆ ಮಂಜಿನಲ್ಲಿ ಅರಮನೆಯ ಗುಮ್ಮಟ. ಚಾಚಾ ಪಕ್ಕದಲ್ಲಿ, ಕೈ ಲಗಾಮಿಗೆ ಗೇಣು ದೂರದಲ್ಲಿ. ಹೊರಡಲು ಚಾಟಿ ಬೇಕಾಗಲಿಲ್ಲ. ಹೆಸರು ಕರೆದು, ನಾಲಗೆಯಿಂದ ಲೊಚಗುಟ್ಟಿ, ಬೆರಳು ಸಡಿಲಿಸಿದೆ. ಮೋತಿ ಎದೆ ಮುಂದೆ ಮಾಡಿತು.

ಕೂತ ಜಾಗದಿಂದ ಗಾಡಿಯವನಿಗೆ ಕುದುರೆಯ ಮುಖ ಕಾಣುವುದಿಲ್ಲ, ಕಾಣುವುದು ಎರಡು ಕಿವಿ. ಕಾರಿನ ಡ್ಯಾಶ್‌ಬೋರ್ಡ್ ಎಂಬ ಹೆಸರು ಬಂದದ್ದೇ ಕುದುರೆ ಗಾಡಿಯಿಂದ. ಗೊರಸಿನಿಂದ ಸಿಡಿಯುವ ಕೆಸರು ಕೂತವರಿಗೆ ರಾಚದಂತೆ ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ಟಾಂಗಾದಲ್ಲಿ ಮುಳ್ಳುಗಳಿರುವುದು ಆ ಹಲಗೆಯಲ್ಲಲ್ಲ, ಕಿವಿಯಲ್ಲಿ. ಒಂದು ಕಿವಿ ಹಿಂದಕ್ಕೆ ತಿರುಗಿದ್ದರೆ ನಿಮ್ಮ ಮಾತು ಕೇಳುತ್ತಿದೆ. ಎರಡೂ ಮುಂದಕ್ಕೆ ಚೂಪಾಗಿ ನಿಮಿರಿದರೆ ಅಲ್ಲೇನೋ ಕಂಡಿದೆ, ನೀವೂ ನೋಡಿಕೊಳ್ಳಿ. ತಲೆಗೆ ಅಂಟಿ ಹಿಂದಕ್ಕೆ ಮಲಗಿದರೆ ಸಿಟ್ಟು. ಹಾರ್ನ್ ಹೊಡೆದು ಬಂದ ಸಿಟಿ ಬಸ್ಸಿಗೆ ಮೋತಿಯ ಕಿವಿ ಅಲುಗಲಿಲ್ಲ. ಗಾಳಿಗೆ ಪಟಪಟ ಎಂದ ಹರಿದ ಫ್ಲೆಕ್ಸಿಗೆ ಎರಡೂ ನೆಟ್ಟಗಾದವು. ಅದು ಹೆದರುವುದು ದೊಡ್ಡದಕ್ಕಲ್ಲ, ಗೊತ್ತಿಲ್ಲದ್ದಕ್ಕೆ.

ಹಾರ್ಡಿಂಜ್ ವೃತ್ತದಲ್ಲಿ ಎಡಕ್ಕೆ. ತಿರುವು ಅಗಲವಾಗಿ ತೆಗೆದುಕೊಳ್ಳಬೇಕು. ಕುದುರೆ ತಿರುಗಿದ ಮೇಲೂ ಚಕ್ರ ಒಳಗಿನಿಂದ ಬರುತ್ತದೆ, ಫುಟ್‌ಪಾತಿನ ಅಂಚಿಗೆ ಹತ್ತಿದರೆ ಗಾಡಿ ಮಗುಚುತ್ತದೆ. ಕಬ್ಬಿಣದ ಲಾಳಕ್ಕೆ ಡಾಂಬರೇ ಜಾರು. ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಪಟ್ಟಿಯ ಬಣ್ಣ, ಹೋಟೆಲಿನವರು ತೊಳೆದ ನೀರು, ಇವೆಲ್ಲ ಕಾರಿನಲ್ಲಿ ಕೂತಾಗ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಇಂಥ ಕಡೆ ಓಟ ಬಿಟ್ಟು ನಡಿಗೆ. ಮುಂದಿನ ವಾಹನಕ್ಕೂ ನಮಗೂ ನಡುವೆ ಇನ್ನೊಂದು ಗಾಡಿ ಹಿಡಿಸುವಷ್ಟು ಜಾಗ.

ಉತ್ತರ ದ್ವಾರದ ಕಡೆ, ಕೋಟೆ ಆಂಜನೇಯನ ಗುಡಿಗೆ ಸ್ವಲ್ಪ ಮುಂಚೆ, ಕಾಳು ಹೆಕ್ಕುತ್ತಿದ್ದ ಪಾರಿವಾಳಗಳ ಹಿಂಡಿಗೆ ನಾಯಿಯೊಂದು ನುಗ್ಗಿತು. ನೂರಾರು ರೆಕ್ಕೆ ಒಮ್ಮೆಗೇ ಮೇಲೆದ್ದವು. ಮೋತಿಯ ತಲೆ ಮೇಲಕ್ಕೆ ಹೋಯಿತು. ನಾನು ಕಲಿತದ್ದೆಲ್ಲ ಮರೆತು ಎರಡೂ ಲಗಾಮು ಎದೆಗೆ ಎಳೆದು ಹಿಡಿದೆ. ಓಡಬೇಕಿದ್ದ ಕುದುರೆ ಹಿಂದಕ್ಕೆ ಬರತೊಡಗಿತು. ಅದು ಇನ್ನೂ ಕೆಟ್ಟದ್ದು: ಹಿಂದೆ ಏನಿದೆಯೆಂದು ಅದಕ್ಕೂ ಕಾಣದು, ಗಾಡಿ ಓರೆಯಾಗಿ ಮೂಕಿಮರ ಪಕ್ಕೆಗೆ ಒತ್ತುತ್ತದೆ. ಬಲಚಕ್ರದ ಪಕ್ಕ ಒಂದು ಆಟೋ ಕಿರ್ರೆಂದು ನಿಂತಿತು.

‘ಬಿಡಿ’ ಎಂದರು ಚಾಚಾ. ಕಿರುಚಲಿಲ್ಲ. ತಮ್ಮ ಕೈ ಹಾಕಲೂ ಇಲ್ಲ. ‘ಬಿಡಿ ಅಮ್ಮ. ನೀವು ಬಿಟ್ರೆ ಅದು ನಿಲ್ತದೆ.’

ಬೆರಳು ಬಿಚ್ಚಲು ಮನಸ್ಸು ಒಪ್ಪಲಿಲ್ಲ, ಆದರೂ ಬಿಚ್ಚಿದೆ. ಮೋತಿ ನಿಂತಿತು. ಒಮ್ಮೆ ಉಸಿರನ್ನು ಬುಸ್ಸೆಂದು ಬಿಟ್ಟಿತು. ಒಂದು ಕಿವಿ ಮೆಲ್ಲಗೆ ನನ್ನ ಕಡೆಗೆ ತಿರುಗಿತು. ಹೆಸರು ಕರೆದೆ, ನಡೆಯಿತು. ಕುದುರೆ ಓಡಿಯೇಬಿಟ್ಟರೂ ಪಾಠ ಇದೇ ಎಂದು ಚಾಚಾ ಆಮೇಲೆ ಹೇಳಿದರು. ಒಂದೇ ಸಮ ಜಗ್ಗಿದರೆ ಅದು ಕಡಿವಾಣದ ಮೇಲೆ ಒರಗಿ ಇನ್ನಷ್ಟು ಓಡುತ್ತದೆ. ಹಿಡಿದು ಬಿಡಬೇಕು, ಹಿಡಿದು ಬಿಡಬೇಕು. ಜಾಗವಿದ್ದರೆ ದೊಡ್ಡ ಸುತ್ತಿಗೆ ತಿರುಗಿಸಬೇಕು. ಕಿರುಚಬಾರದು, ಗಾಡಿಯಿಂದ ಹಾರಬಾರದು.

ಚಾಮರಾಜ ವೃತ್ತ ಸುತ್ತಿ ದೊಡ್ಡ ಗಡಿಯಾರದ ಹತ್ತಿರ ನಿಲ್ಲಿಸಿದಾಗ ನನ್ನ ಅಂಗೈ ಬೆವರಿತ್ತು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ ಆ ಗಡಿಯಾರದ ಕೆಳಗೆ ಎಷ್ಟು ಸಾವಿರ ಗಾಡಿ ನಿಂತಿದ್ದವೋ. ಆಗಲೇ ಚಾಚಾ ಮೊದಲ ಸಲ ಚಾಟಿ ತೆಗೆದರು. ನಾನು ಬೆಚ್ಚಿದೆ. ತುದಿಯ ದಾರದಿಂದ ಮೋತಿಯ ಭುಜದ ಮೇಲೆ ಕೂತಿದ್ದ ಕುದುರೆ ನೊಣವನ್ನು ಹಾರಿಸಿ, ಚಾಟಿಯನ್ನು ಮತ್ತೆ ಅದರ ಗೂಡಿಗೆ ಸಿಕ್ಕಿಸಿದರು. ಮೂರು ದಿನದಲ್ಲಿ ಚಾಟಿ ಮಾಡಿದ ಕೆಲಸ ಇಷ್ಟೇ. ಗಾಡಿ ‘ಹೊಡೆಯುವುದು’ ಎನ್ನುವುದು ನಮ್ಮ ಭಾಷೆಯಲ್ಲಿ ಮಾತ್ರ.

ಗಾಡಿಗೂ ಕಾನೂನಿದೆ

ಎಲ್ಲ ಟಾಂಗಾಗಳೂ ಹೀಗೆ ಓಡುತ್ತವೆಂದು ಹೇಳಲಾರೆ. ಪಕ್ಕೆಲುಬು ಎಣಿಸಬಹುದಾದ ಕುದುರೆಗಳನ್ನೂ, ಆರೇಳು ಜನರನ್ನು ತುಂಬಿಕೊಂಡ ಗಾಡಿಗಳನ್ನೂ ಬೇರೆ ಬೇರೆ ಊರುಗಳಲ್ಲಿ ಕಂಡಿದ್ದೇನೆ. ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ಅಲ್ಲಿನ ಹೈಕೋರ್ಟ್ 2015ರಲ್ಲಿ ಅಕ್ರಮವೆಂದು ಸಾರಿದ್ದು ಸುಮ್ಮನೆ ಅಲ್ಲ. ಗಾಡಿ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರದ ನಿಯಮಗಳು ಬಂದಿವೆ. ಗಾಡಿಯವನನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು 4 ಜನಕ್ಕಿಂತ ಹೆಚ್ಚು ಕೂರುವಂತಿಲ್ಲ. ದಿನಕ್ಕೆ 9 ಗಂಟೆ ಮೀರಿ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ಮುಳ್ಳಿನ ಕಡಿವಾಣ ನಿಷಿದ್ಧ. ಚಾಚಾ ಈ ನಿಯಮ ಓದಿದವರಲ್ಲ. ಐದನೆಯವರು ಹತ್ತಲು ಬಂದರೆ ‘ಇನ್ನೊಂದು ಗಾಡಿ ಐತೆ ಸ್ವಾಮಿ’ ಎನ್ನುತ್ತಾರೆ. ಆ ಬಾಡಿಗೆ ಕಳೆದುಕೊಂಡ ಬೇಸರ ಮುಖದಲ್ಲಿ ಕಾಣುತ್ತದೆ, ಮುಚ್ಚಿಡುವುದಿಲ್ಲ.

ಮೈಸೂರಿಗೆ ಬಂದು ಟಾಂಗಾ ಹತ್ತುವವರು ಬಾಡಿಗೆ ಚೌಕಾಸಿಗೆ ಮುಂಚೆ ಎರಡು ನಿಮಿಷ ಕುದುರೆಯನ್ನು ನೋಡಿ. ಜೀನಿನ ಅಂಚಿನಲ್ಲಿ, ಎದೆಪಟ್ಟಿಯ ಕೆಳಗೆ, ಬಾಯಿಯ ಮೂಲೆಯಲ್ಲಿ ಹುಣ್ಣಿದೆಯೇ? ನಾಲ್ಕೂ ಕಾಲು ಸಮನಾಗಿ ಊರುತ್ತಿದೆಯೇ? ಗಾಡಿಯವನ ಕೈಯಲ್ಲಿ ಲಗಾಮಿದೆಯೇ, ಮೊಬೈಲೇ? ಹತ್ತುವುದು ಬೆಳಗ್ಗೆ ಇಲ್ಲವೇ ಬಿಸಿಲು ತಗ್ಗಿದ ಮೇಲೆ ಇರಲಿ. ಹಿಂದೆ ಜರುಗಿ ಎಂದರೆ ಜರುಗಿ.

ಬಿಚ್ಚುವ ಹೊತ್ತು

ಲಾಯಕ್ಕೆ ವಾಪಸ್ಸಾಗಿ ಗಾಡಿ ಬಿಚ್ಚಿದೆವು. ಮೂಕಿಮರ ಮತ್ತೆ ಆಕಾಶಕ್ಕೆ ಎದ್ದಿತು. ಜೀನು ತೆಗೆದ ಜಾಗದಲ್ಲಿ ಬೆವರಿನ ಅಚ್ಚು. ಎಲ್ಲಕ್ಕೂ ಕೊನೆಗೆ ಕಡಿವಾಣ. ಮೋತಿ ತಾನೇ ಬಾಯಿ ಬಿಟ್ಟು ಅದನ್ನು ನನ್ನ ಅಂಗೈಗೆ ಜಾರಿಸಿತು. ಈ ಸಲ ಬೆಚ್ಚಗಿತ್ತು, ಹುಲ್ಲಿನ ಹಸಿರು ನೊರೆ ಅಂಟಿತ್ತು. ನಲ್ಲಿಯ ಕೆಳಗೆ ತೊಳೆದು ಗೂಟಕ್ಕೆ ಹಾಕುವಷ್ಟರಲ್ಲಿ ಮೋತಿ ಅಂಗಳದ ಮಣ್ಣಿನಲ್ಲಿ ಮಲಗಿ, ನಾಲ್ಕು ಕಾಲು ಮೇಲೆತ್ತಿ ಹೊರಳಾಡುತ್ತಿತ್ತು.

‘ಇನ್ನು ಬರಲ್ವಾ?’ ಎಂದರು ಚಾಚಾ.

‘ಬರ್ತೀನಿ. ಇನ್ನೂ ಹಿಡಿಯೋದು ಮಾತ್ರ ಬಂದಿದೆ.’

ಸೋಮವಾರ ರಾತ್ರಿ ಪಾಳಿಗೆ ಹಾಜರಾದೆ. ಹನ್ನೊಂದರ ಹೊತ್ತಿಗೆ ವಾಣಿಜ್ಯ ಪುಟದ ಸುದ್ದಿ ಬಂತು. ಹಳೆಯ ಕೈರೂಢಿಯಲ್ಲಿ ‘ಬೆಲೆ ಏರಿಕೆಗೆ ಕಡಿವಾಣ’ ಎಂದು ಟೈಪಿಸಿದೆ. ಕಾಲಂ ಅಳತೆಗೆ ಸರಿಯಾಗಿ ಕೂತಿತು. ಪುಟ ಕಳಿಸುವ ಮುಂಚೆ, ಬೆಲೆ ಏರಿಕೆಯ ಬಾಯಲ್ಲಿ ಹಲ್ಲಿಲ್ಲದ ಆ ಜಾಗ ಎಲ್ಲಿರಬಹುದೆಂದು ಸ್ವಲ್ಪ ಹೊತ್ತು ಯೋಚಿಸಿದೆ.